ವೈದ್ಯಕೀಯದಲ್ಲಿ ಅಯಸ್ಕಾಂತೀಯ ನ್ಯಾನೋ ಕಣಗಳು



ಬೂಸಾ, ಹಿಂಡಿಯಲ್ಲಿ ಸೇರಿದ ಮೊಳೆ, ತಂತಿ ಚೂರುಗಳನ್ನು ಅಯಸ್ಕಾಂತದಿಂದ ತೆಗೆಯಬಹುದೆಂಬುದು ತಮಗೆ ತಿಳಿದ ವಿಷಯ. ಕಬ್ಬಿಣದ ಈ ಗುಣವನ್ನು ವೈದ್ಯರೂ ಬಳಸುತ್ತಿದ್ದಾರೆ. ಇದಕ್ಕೆ ಬೇಕಾದುದು ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳು. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಮೀಟರ್. ಈ ಕಣಗಳು ಸಾಮಾನ್ಯವಾಗಿ 100 ನ್ಯಾನೋಮೀಟರಿಗಿಂತ ಚಿಕ್ಕವು. ಇವುಗಳ ಎರಡು ಉಪಯೋಗಗಳು ಹೀಗಿವೆ:

1. ಗಡ್ಡೆಗೆ ಶಾಖ: ಕಣಗಳನ್ನು ಕ್ಯಾನ್ಸರ್ ಗಡ್ಡೆಗೆ ಚುಚ್ಚಿ, ಹೊರಗಿನಿಂದ ಕ್ಷಿಪ್ರವಾಗಿ ದಿಕ್ಕು ಬದಲಿಸುವ ಕಾಂತಕ್ಷೇತ್ರಕ್ಕೆ ಒಳಪಡಿಸಿದಾಗ ಅವು ಕಾಯುತ್ತವೆ. ಆ ಶಾಖದಿಂದ ರೋಗಕೋಶಗಳು ಕುಗ್ಗುತ್ತವೆ ಇಲ್ಲವೆ ಸಾಯುತ್ತವೆ. ಮಿದುಳಿನ ಗಡ್ಡೆಗೆ ಈ ಚಿಕಿತ್ಸೆ ನೀಡಲು ಯುರೋಪಿನಲ್ಲಿ 2010ರಲ್ಲಿ ಅನುಮತಿ ದೊರೆಯಿತು.

2. ರಕ್ತಹೀನತೆ: ಇಂಥ ಕಣಗಳಿಂದಾದ ಫೆರುಮಾಕ್ಸಿಟಾಲ್ ಎಂಬ ಔಷಧಿಯನ್ನು ಕಬ್ಬಿಣಾಂಶ ಕಡಿಮೆಯಾದ ಮೂತ್ರಪಿಂಡ ರೋಗಿಗಳಿಗೆ ನೀಡಲು ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ದೇಹವು ಆ ಕಬ್ಬಿಣವನ್ನು ರಕ್ತ ತಯಾರಿಕೆಗೆ ಬಳಸಿಕೊಳ್ಳುತ್ತದೆ. ಆದರೆ ಕೆಲವರಿಗೆ ಇದು ಒಗ್ಗದೆ ಪ್ರಾಣಾಪಾಯವಾದದ್ದುಂಟು. ಆದ್ದರಿಂದ ವೈದ್ಯರ ಕಣ್ಣೆದುರಿನಲ್ಲೇ ಕೊಡಬೇಕು.

ಎಚ್ಚರಿಕೆ: ಜಾತ್ರೆ, ಸಂತೆಗಳಲ್ಲಿ ಮಾರುವ ಅಯಸ್ಕಾಂತದ ಬಳೆ, ಪಟ್ಟಿಗಳಿಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ. ಅವುಗಳಿಂದ ಗಡ್ಡೆ ಕರಗುವುದಿಲ್ಲ. ಅವನ್ನು ನಂಬಿ ಕಾಲ ಕಳೆದರೆ ವಾಸಿಯಾಗಬಹುದಾದ ರೋಗವೂ ಕೈ ಮೀರುತ್ತದೆ. ಮನೆಯಲ್ಲಿ ಯಾರಿಗಾದರೂ ಗಡ್ಡೆ ಕಾಣಿಸಿದರೆ ತಡಮಾಡದೆ ಆಸ್ಪತ್ರೆಯಲ್ಲಿ ತೋರಿಸುವುದು ಅತ್ಯಗತ್ಯ.