ರುಚಿ ನೋಡುವ ಬಗೆ

ನಾನು ಕನ್ನಡ ಪಾಠ ಹೇಳುವವನು, ಪಾಕಶಾಸ್ತ್ರದ ಪಂಡಿತನಲ್ಲ. ಆದರೂ ತಿಂಡಿಯ ವಿಷಯದಲ್ಲಿ ತೀರ್ಪು ಕೊಡುವ ಚಪಲ ಎಲ್ಲರಂತೆ ನನಗೂ ಉಂಟು. ಈಚೆಗೆ ನಮ್ಮ ಮನೆಗೆ ಸಕ್ಕರೆ ಲೇಪಿಸಿದ ಕಾರ್ನ್ ಫ್ಲೇಕ್ಸ್ ಪೊಟ್ಟಣವೊಂದು ಬಂದಿತು. ನೋಡಿದ ಕೂಡಲೇ, "ಇದೂ ಒಂದು ತಿಂಡಿಯೇ?" ಎಂದೆ. ಆರು ವರ್ಷದ ಮೊಮ್ಮಗಳು, "ತಾತ, ತಿನ್ನದೇನೇ ಹೇಗೆ ಹೇಳ್ತೀಯ?" ಎಂದಳು. ಪದ್ಯ ಓದದೆ ಭಾವಾರ್ಥ ಬರೆಯುವ ಹುಡುಗರನ್ನು ಗದರಿಸುವ ನಾನು ಈ ಪ್ರಶ್ನೆಗೆ ತಲೆಬಾಗಲೇಬೇಕಾಯಿತು.

ಮೊದಲು ಅದರ ಕುಲಗೋತ್ರ. 1894ರಲ್ಲಿ ಅಮೆರಿಕದ ಬ್ಯಾಟಲ್ ಕ್ರೀಕ್ ಎಂಬ ಊರಿನ ಆರೋಗ್ಯಧಾಮದಲ್ಲಿ ಕೆಲಾಗ್ ಸಹೋದರರು ಬೇಯಿಸಿದ ಗೋಧಿಯನ್ನು ಉರುಳೆಗಳ ನಡುವೆ ಚಪ್ಪಟೆ ಮಾಡಿ, ಕಾಯಿಸಿ, ಗರಿಗರಿಯಾದ ಪದರಗಳನ್ನು ಪಡೆದರು. ಆಮೇಲೆ ಮುಸುಕಿನ ಜೋಳದ ಸರದಿ. ವೈದ್ಯನಾದ ಅಣ್ಣನಿಗೆ ಸಕ್ಕರೆ ಸೇರಿಸುವುದು ಒಪ್ಪಿಗೆಯಿರಲಿಲ್ಲ. ತಮ್ಮ 1906ರಲ್ಲಿ ತನ್ನದೇ ಕಂಪನಿ ತೆರೆದ. ಸಕ್ಕರೆಯ ಅಂಗಿ ತೊಟ್ಟ ಕಾರ್ನ್ ಫ್ಲೇಕ್ಸ್ ಆ ಕಂಪನಿಯಿಂದ ಹೊರಬಂದದ್ದು 1952ರಲ್ಲಿ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಮಾಡುವ ನಮ್ಮ ಅವಲಕ್ಕಿಗೆ ಇದು ದೂರದ ನಂಟನೆಂದರೂ ಸಲ್ಲುತ್ತದೆ.

ಇನ್ನು ಪರೀಕ್ಷೆ. ಹಾಲು ಹಾಕುವ ಮುನ್ನ ಎರಡು ಚೂರನ್ನು ಹಾಗೆಯೇ ಬಾಯಿಗೆ ಹಾಕಿಕೊಳ್ಳಬೇಕು. ಲೇಪ ಹೊರಗಿರುವುದರಿಂದ ಸಕ್ಕರೆಯೇ ನಾಲಗೆಗೆ ಮೊದಲು ತಗಲುತ್ತದೆ. ಅವಸರದ ನಾಲಗೆ ಅಲ್ಲಿಗೇ "ಭೇಷ್" ಎಂದುಬಿಡುತ್ತದೆ. ಅಲ್ಲಿ ನಿಲ್ಲಬಾರದು, ನಿಧಾನವಾಗಿ ಅಗಿಯಬೇಕು. ಸಕ್ಕರೆ ಕರಗಿದ ಮೇಲೆ ಹುರಿದ ಜೋಳದ ಘಮ, ಚಿಟಿಕೆ ಉಪ್ಪು, ಕೆಂಪಗೆ ಕಾದ ಅಂಚಿನ ನಸುಗಹಿ ಬಂದರೆ ಪದಾರ್ಥ ಒಳ್ಳೆಯದು. ಏನೂ ಬಾರದಿದ್ದರೆ ನಾವು ತಿಂದದ್ದು ಸಕ್ಕರೆ ಮಾತ್ರ.

ಷಡ್ರಸಗಳಲ್ಲಿ ಗರಿಗರಿಗೆ ಸ್ಥಾನವಿಲ್ಲ. ಗರಿಗರಿ, ಕುರುಕುರು ಎಂಬ ಅನುಕರಣ ಶಬ್ದಗಳಲ್ಲಿ ಕನ್ನಡ ಅದನ್ನು ಹಿಡಿದಿದೆ. ಅಂದರೆ ಇಲ್ಲಿ ಕಿವಿಗೂ ಪಾಲುಂಟು. 2004ರಲ್ಲಿ ಝಾಂಪಿನಿ ಮತ್ತು ಸ್ಪೆನ್ಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆಲೂಗಡ್ಡೆ ಚಿಪ್ಸ್ ಕಡಿಯುವವರಿಗೆ ಆ ಕಡಿತದ ಸದ್ದನ್ನೇ ಜೋರಾಗಿಸಿ ಕೇಳಿಸಿದಾಗ, ಚಿಪ್ಸು ಹೆಚ್ಚು ಗರಿಗರಿಯೆಂದೂ ಹೆಚ್ಚು ಹೊಸತೆಂದೂ ಅವರಿಗೆ ತೋರಿತು. ಬಾನುಲಿಯ ಕೇಳುಗರಿಗೆ ಕಿವಿಯ ಈ ಮಹಿಮೆ ಹೊಸದೇನಲ್ಲ!

ಬಳಿಕ ತಣ್ಣನೆಯ ಹಾಲು. ತೇವ ಒಳಹೊಕ್ಕಂತೆ ಪದರಗಳು ಮುರಿಯುವ ಬದಲು ಬಾಗುತ್ತವೆ, ಸದ್ದು ಅಡಗುತ್ತದೆ. ಸಕ್ಕರೆಯ ಲೇಪ ಹಾಲನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಅಷ್ಟು ಮರ್ಯಾದೆ ಅದಕ್ಕೆ ಸಲ್ಲಬೇಕು. ಗಡಿಯಾರವನ್ನು ಮುಂದಿಟ್ಟುಕೊಂಡು ನಿಮಿಷಕ್ಕೊಂದು ಚಮಚದಂತೆ ತಿಂದೆ. ಮೂರನೆಯ ನಿಮಿಷದವರೆಗೆ ಸದ್ದಿತ್ತು. ಐದಕ್ಕೆ ಅಂಚು ಮೆತ್ತಗಾಯಿತು. ಏಳಕ್ಕೆ ಎಲ್ಲವೂ ಮುದ್ದೆ. ಅವಲಕ್ಕಿಗಾದರೋ ನೆನೆದು ಮೆತ್ತಗಾಗುವುದೇ ಗುಣ.

ಕಡೆಯ ಪರೀಕ್ಷೆ ಬಟ್ಟಲಿನ ತಳದ ಹಾಲು. ಕುಡಿದೆ, ಪಾಯಸದಷ್ಟು ಸಿಹಿ! ಪೊಟ್ಟಣವನ್ನು ತಿರುಗಿಸಿ ನೋಡಿದೆ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಜೋಳದ ಬೆನ್ನಿಗೇ ಸಕ್ಕರೆಯ ಹೆಸರಿತ್ತು. ಇಂಥ ಕೆಲವು ತಿನಿಸುಗಳ ತೂಕದಲ್ಲಿ ಮೂರರಲ್ಲೊಂದು ಪಾಲು ಸಕ್ಕರೆಯೇ ಇರುತ್ತದೆ.

"ಎಷ್ಟು ಮಾರ್ಕು, ತಾತ?" ಎಂದಳು ಮೊಮ್ಮಗಳು. "ಸದ್ದಿಗೆ ಎಂಬತ್ತು, ಜೋಳಕ್ಕೆ ನಲವತ್ತು, ಸಕ್ಕರೆಯದು ಅಧಿಕಪ್ರಸಂಗ" ಎಂದೆ. ಅವಳು ನಕ್ಕಳು, ನನಗೆ ಮಾತ್ರ ಅದು ಬರಿಯ ನಗೆಯ ಮಾತಾಗಿರಲಿಲ್ಲ. ಮಗುವಿನದು ಇನ್ನೂ ಕಲಿಯುತ್ತಿರುವ ನಾಲಗೆ. ದಿನವೂ ಸಿಹಿಯೇ ಮೊದಲು ಮಾತಾಡಿದರೆ, ಧಾನ್ಯದ ಮೆಲುದನಿ ಅದಕ್ಕೆ ಕೇಳಿಸುವುದೆಂದು?

ಆ ಪೊಟ್ಟಣವನ್ನು ನಾವು ಎಸೆಯಲಿಲ್ಲ. ಅದು ಭಾನುವಾರದ ತಿಂಡಿಯಾಯಿತು. ಮರುದಿನ ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ತುಸುವೇ ಬೆಲ್ಲ ಬೆರೆಸಿ ಕೊಟ್ಟೆವು. ಮೊಮ್ಮಗಳು ನನ್ನಂತೆಯೇ ಕಣ್ಣು ಮುಚ್ಚಿ, ನಿಧಾನವಾಗಿ ಅಗಿದು, ತೀರ್ಪು ಕೊಟ್ಟಳು: "ತಾತ, ಇದು ಸದ್ದು ಮಾಡಲ್ಲ. ಆದ್ರೆ ಅಕ್ಕಿ ಗೊತ್ತಾಗತ್ತೆ."