ಎಷ್ಟು ಬಂತು?



ದುಬೈಯ ಪೂರ್ವದ ಅಂಚಿನಲ್ಲಿ, ಶಾರ್ಜಾದ ಗಡಿಗೆ ತಾಗಿಕೊಂಡು ಅಲ್ ಕುಸೈಸ್ ಎಂಬ ಬಡಾವಣೆ ಇದೆ. ನಮ್ಮ ಕರಾವಳಿಯ ಕಡೆಯವರು ಬಹಳ ಮಂದಿ ಇಲ್ಲಿ ಸಂಸಾರ ಹೂಡಿದ್ದಾರೆ. ಭಾರತೀಯ ಶಾಲೆಗಳು ಹತ್ತಿರ, ಮೆಟ್ರೊದ ಹಸಿರು ಮಾರ್ಗವಿದೆ, ವಿಮಾನ ನಿಲ್ದಾಣ ದೂರವಲ್ಲ. 2024ರ ಏಪ್ರಿಲ್ 16ರ ಮಂಗಳವಾರ ನಮ್ಮ ಮನೆಯ ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಬೀದಿಯೇ ಇರಲಿಲ್ಲ. ಕಂದು ನೀರು, ಅದರ ಮೇಲೆ ಸಾಲಾಗಿ ಕಾರುಗಳ ಬೆನ್ನು. ಮಧ್ಯೆ ಸ್ವಲ್ಪ ಹೊತ್ತು ಆಕಾಶ ಹಸಿರು ಬಣ್ಣಕ್ಕೆ ತಿರುಗಿತು; ಮಕ್ಕಳು ಹೆದರಿ ಒಳಗೆ ಓಡಿದರು. ಕಟ್ಟಡದ ಕಾವಲುಗಾರನನ್ನು ಇಲ್ಲಿ ಎಲ್ಲ ಭಾಷೆಯವರೂ ನಾತೂರ್ ಎಂದು ಕರೆಯುತ್ತಾರೆ. ನಮ್ಮ ನಾತೂರ್ ಲಿಫ್ಟಿನ ಗುಂಡಿಗೆ ನೀರು ಇಳಿಯದ ಹಾಗೆ ಬಾಗಿಲಿಗೆ ಮರಳಿನ ಚೀಲ ಒಟ್ಟುತ್ತಿದ್ದ.

ಮಳೆ ಒಂದು ದಿನಕ್ಕೆ ನಿಂತಿತು. ವಾದ ನಿಲ್ಲಲಿಲ್ಲ. ನೀರು ಇಳಿಯುವ ಮೊದಲೇ ಮೆಟ್ಟಿಲ ಮೇಲೆ, ಕೆಫೆಟೇರಿಯಾದ ಕರಕ್ ಚಾದ ಮುಂದೆ, ಪ್ರಪಂಚದ ದೊಡ್ಡ ಪತ್ರಿಕೆಗಳಲ್ಲಿ, ಎಲ್ಲ ಕಡೆ ಒಂದೇ ಮಾತು: ಇದು ತಾನಾಗಿ ಬಂದ ಮಳೆಯಲ್ಲ, ವಿಮಾನದಲ್ಲಿ ಹೋಗಿ ಮೋಡ ಬಿತ್ತಿ ತರಿಸಿದ ಮಳೆ. ಮನುಷ್ಯ ಪ್ರಕೃತಿಯ ಜೊತೆ ಆಟವಾಡಿದ್ದಕ್ಕೆ ಇದು ಶಿಕ್ಷೆ ಎಂದು ಒಬ್ಬರು. ಓದಿದವರಾಗಿ ಇಂಥದ್ದನ್ನು ನಂಬುತ್ತೀರಾ ಎಂದು ಇನ್ನೊಬ್ಬರು. ಎರಡೂ ಕಡೆಯವರ ದನಿ ಏರಿತ್ತು. ಮೊದಲ ದಿನ ನಾನೂ ನಂಬಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಎರಡು ದಿನ ಬಿಟ್ಟು ಪುತ್ತೂರಿನಿಂದ ಮಾವನ ಫೋನ್ ಬಂತು. "ಎಂತದು ಮಾರಾಯ, ವಿಮಾನದಲ್ಲಿ ಉಪ್ಪು ಹಾಕಿ ಮಳೆ ಬರಿಸಿದ್ದಂತೆ, ಹೌದಾ?" ನಾನು ಉತ್ತರ ಹೇಳುವ ಮೊದಲೇ ಇನ್ನೊಂದು ಪ್ರಶ್ನೆ: "ಎಷ್ಟು ಬಂತು?"

ಪುತ್ತೂರು, ಸುಳ್ಯ ಕಡೆಯ ಅಡಿಕೆ ತೋಟದವರಲ್ಲಿ ಒಂದು ಒಳ್ಳೆಯ ರೂಢಿ ಇದೆ. ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಮಾವನೂ ಅವರಲ್ಲಿ ಒಬ್ಬರು. ಹಾಗಾಗಿ ಅವರಿಗೆ ಮಳೆ ಎಂದರೆ ಜೋರು, ಭಯಂಕರ, ಪ್ರಳಯ ಎಂಬ ಮಾತು ಸಾಲುವುದಿಲ್ಲ, ಮಿಲಿಮೀಟರ್ ಬೇಕು. ಅವರ ಆ ಎರಡನೇ ಪ್ರಶ್ನೆಯೇ ಇಡೀ ವಾದವನ್ನು ಬಿಡಿಸುವ ಕೊಕ್ಕೆ ಎಂದು ನನಗೆ ಆಮೇಲೆ ಹೊಳೆಯಿತು. ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವುದೂ ಅದನ್ನೇ.

ಲೆಕ್ಕ ಹೀಗಿದೆ. ದುಬೈ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಮಾಪಕದಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ ಸುಮಾರು 142 ಮಿಲಿಮೀಟರ್. ಅಲ್ಲಿ ಇಡೀ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 95 ಮಿಲಿಮೀಟರ್. ಅಂದರೆ ಒಂದೂವರೆ ವರ್ಷದ ಮಳೆ ಒಂದು ದಿನದಲ್ಲಿ. ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾದಲ್ಲಿ 254 ಮಿಲಿಮೀಟರ್ ದಾಟಿತು. ಈ ದೇಶದಲ್ಲಿ ದಾಖಲೆ ಶುರುವಾದ 1949ರಿಂದ ಈಚೆಗೆ ಅಷ್ಟು ಬಿದ್ದದ್ದಿಲ್ಲ.

ಇನ್ನು ಮೋಡ ಬಿತ್ತನೆ ಎಂದರೆ ಏನು ಎಂದು ನೋಡೋಣ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿಯ ಮುಚ್ಚಳ ಸಡಿಲವಿದ್ದರೆ ಒಳಗಿನ ಉಪ್ಪು ನೀರು ಬಿಡುತ್ತದಲ್ಲ, ಅದೇ ತತ್ತ್ವ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮೋಡದೊಳಗಿನ ಹನಿ ತಲೆಕೂದಲಿನ ದಪ್ಪಕ್ಕಿಂತಲೂ ಸಣ್ಣದು. ಸುಮಾರು ಹತ್ತು ಲಕ್ಷ ಹನಿ ಕೂಡಿದರೆ ಒಂದು ಮಳೆಹನಿ. ಸಣ್ಣ ಹನಿಗಳು ಕೂಡದೆ ತೇಲುತ್ತಲೇ ಇದ್ದರೆ ಮೋಡ ಬಂದಷ್ಟೇ ಸುಮ್ಮನೆ ಹೋಗಿಬಿಡುತ್ತದೆ. ಅಲ್ಲಿಗೆ ಉಪ್ಪಿನ ಪುಡಿ ಚೆಲ್ಲಿದರೆ ಅದರ ಸುತ್ತ ದೊಡ್ಡ ಹನಿ ಕಟ್ಟುತ್ತದೆ, ದೊಡ್ಡದು ಇಳಿಯುವಾಗ ಸಣ್ಣದನ್ನು ಬಾಚಿಕೊಳ್ಳುತ್ತದೆ. ಎಮಿರೇಟ್ಸಿನಲ್ಲಿ ವಿಮಾನದ ರೆಕ್ಕೆಗೆ ಕಟ್ಟಿದ ಕೊಳವೆಗಳನ್ನು ಮೋಡದ ಬುಡದಲ್ಲಿ ಉರಿಸಿ ಹೀಗೆ ಉಪ್ಪು ಬಿಡುತ್ತಾರೆ. ತಣ್ಣನೆಯ ಎತ್ತರದ ಮೋಡಗಳಿಗೆ ಸಿಲ್ವರ್ ಅಯೊಡೈಡ್ ಎಂಬ ಇನ್ನೊಂದು ವಸ್ತು ಇದೆ. ಅದರ ಹರಳಿನ ಕಟ್ಟು ಮಂಜುಗಡ್ಡೆಯ ಹರಳನ್ನು ಹೋಲುತ್ತದೆ ಎಂಬುದನ್ನು 1946ರಲ್ಲಿ ಅಮೆರಿಕದ ಬರ್ನಾರ್ಡ್ ವಾನೆಗಟ್ ಕಂಡುಕೊಂಡರು.

ಗಮನಿಸಿ, ಎರಡರಲ್ಲೂ ನೀರು ಮೋಡದ್ದೇ. ಬೀಜ ಬಿತ್ತಿದವನು ನೆಲವನ್ನು ಹುಟ್ಟಿಸುವುದಿಲ್ಲ. ಒಂದು ವಿಮಾನ ಒಯ್ಯುವ ಉಪ್ಪು ಕ್ವಿಂಟಲಿನ ಒಳಗಿನ ಮಾತು. ದುಬೈ ಎಮಿರೇಟಿನ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ಅದರ ಮೇಲೆಲ್ಲ 100 ಮಿಲಿಮೀಟರ್ ಸುರಿದರೆ ಎಷ್ಟು ನೀರಾಗುತ್ತದೆ ಗೊತ್ತೇ? ಸುಮಾರು 14 ಟಿಎಂಸಿ. ಕಾವೇರಿಯ ಸುದ್ದಿ ಕೇಳಿ ಬೆಳೆದ ನಮಗೆ ಟಿಎಂಸಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣರಾಜಸಾಗರದಲ್ಲಿ ತುಂಬುವುದು 49 ಟಿಎಂಸಿ ಚಿಲ್ಲರೆ. ಅದರ ಕಾಲುಭಾಗಕ್ಕೂ ಹೆಚ್ಚು ನೀರು. ಅಷ್ಟು ನೀರನ್ನು ಆ ಉಪ್ಪು ಎಲ್ಲಿಂದ ತಂದೀತು?

ಹಾಗೆಂದು ಬಿತ್ತನೆಯಿಂದ ಏನೂ ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಮಾವನ ಪ್ರಶ್ನೆಯನ್ನೇ ಮತ್ತೆ ಹಿಡಿಯೋಣ. ಬಿತ್ತನೆ ಮಾಡುವವರು ತಮ್ಮ ಕೆಲಸದ ಬಗ್ಗೆ ಹೇಳಿಕೊಳ್ಳುವ ದೊಡ್ಡ ಲೆಕ್ಕ ಶೇಕಡಾ ಮೂವತ್ತರ ಆಸುಪಾಸಿನದು. ಅದು ಪೂರ್ತಿ ನಿಜ ಎಂದೇ ಇಟ್ಟುಕೊಳ್ಳಿ. ಆ ದಿನ ವಿಮಾನ ಹಾರಿತ್ತು ಎಂದೂ ಇಟ್ಟುಕೊಳ್ಳಿ. ಆಗ 142ರಲ್ಲಿ ಬಿತ್ತನೆಯ ಪಾಲು ಮೂವತ್ತಮೂರು ಮಿಲಿಮೀಟರ್ ಆದೀತು. ಉಳಿದ 109? ಅದಷ್ಟೇ ಇಡೀ ವರ್ಷದ ಸರಾಸರಿಗಿಂತ ಹೆಚ್ಚು. ನಮ್ಮ ಬೀದಿ ಆಗಲೂ ಮುಳುಗುತ್ತಿತ್ತು.

ನಿಜಕ್ಕೂ ವಿಮಾನ ಹಾರಿತ್ತೇ? ಹಿಂದಿನ ಎರಡು ದಿನಗಳಲ್ಲಿ ಬಿತ್ತನೆಯ ವಿಮಾನಗಳು ಹಾರಿದ್ದವು ಎಂದು ಇಲ್ಲಿನ ರಾಷ್ಟ್ರೀಯ ಹವಾಮಾನ ಕೇಂದ್ರದ ಹವಾಮಾನ ತಜ್ಞರೊಬ್ಬರ ಮಾತಾಗಿ ಮೊದಲು ವರದಿ ಬಂತು. ವಾದಕ್ಕೆ ಕಿಡಿ ಬಿದ್ದದ್ದು ಅಲ್ಲಿಂದ. ಆಮೇಲೆ ಅದೇ ಕೇಂದ್ರದ ಉಪ ಮಹಾನಿರ್ದೇಶಕ ಒಮರ್ ಅಲ್ ಯಜೀದಿ ಈ ಮಳೆಯ ವೇಳೆ ಬಿತ್ತನೆ ನಡೆಸಿಲ್ಲ ಎಂದು ಸ್ಪಷ್ಟಪಡಿಸಿದರು. ಅಂಥ ಬಿರುಗಾಳಿಯ ಮೋಡದೊಳಗೆ ಸಣ್ಣ ವಿಮಾನ ಒಯ್ದರೆ ಪೈಲಟ್ ಜೀವಕ್ಕೇ ಅಪಾಯ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಾಗಿಹೋದವು ಎಂಬುದು ನನ್ನ ಅಭಿಪ್ರಾಯ. ಹಾರಿತೇ ಎಂಬುದು ಒಂದು. ಹಾರಿದ್ದರಿಂದ ಇಷ್ಟು ನೀರು ಬಂತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂಬ ಸುಳಿವು ಸಿಕ್ಕಿದ ಕೂಡಲೇ ಎರಡನೆಯದಕ್ಕೂ ಉತ್ತರ ಸಿಕ್ಕಿತು ಎಂದು ಜನ ತಿಳಿದರು. ಅಷ್ಟಕ್ಕೂ ಆ ಮಳೆಯ ಮುನ್ಸೂಚನೆ ಹಲವು ದಿನಗಳ ಮೊದಲೇ ಬಂದಿತ್ತು. ಮಂಗಳವಾರಕ್ಕೆ ಶಾಲೆಗಳನ್ನು ಮನೆಯಿಂದಲೇ ನಡೆಸಿ ಎಂದು ಸೋಮವಾರವೇ ಹೇಳಿದ್ದರು. ಅದೇ ಮಳೆವ್ಯವಸ್ಥೆ ನಮ್ಮಲ್ಲಿಗೆ ಬರುವ ಮೊದಲು, ಏಪ್ರಿಲ್ 14ರಂದು ಒಮಾನಿನ ಮೇಲೆ ಎರಗಿತ್ತು. ಅಲ್ಲಿ ಶಾಲಾ ಮಕ್ಕಳು ವಾಹನದೊಂದಿಗೆ ಕೊಚ್ಚಿಹೋದರು. ಆ ಮಕ್ಕಳ ಸುದ್ದಿ ನಮ್ಮ ವಾದಗಳಲ್ಲಿ ಎಲ್ಲೂ ಬರಲಿಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಅನುಮಾನ ಪಟ್ಟವರನ್ನು ದಡ್ಡರೆಂದು ತಳ್ಳಿಹಾಕುವುದನ್ನೂ ನಾನು ಒಪ್ಪುವುದಿಲ್ಲ. ಅನುಮಾನಕ್ಕೆ ಚರಿತ್ರೆಯಲ್ಲಿ ಬೇರಿದೆ. 1967ರಿಂದ 1972ರವರೆಗೆ ಅಮೆರಿಕದ ಸೇನೆ ವಿಯೆಟ್ನಾಂ ಯುದ್ಧದಲ್ಲಿ ಶತ್ರುವಿನ ದಾರಿಗಳು ಕೆಸರಾಗಲಿ ಎಂದು ಗುಟ್ಟಾಗಿ ಮೋಡ ಬಿತ್ತಿತು. ಅದು ಬಯಲಾದ ಮೇಲೆ ಹವಾಮಾನವನ್ನು ಆಯುಧ ಮಾಡಕೂಡದೆಂಬ ಅಂತರರಾಷ್ಟ್ರೀಯ ಒಪ್ಪಂದವೇ ಆಯಿತು. 1978ರಲ್ಲಿ ಜಾರಿಗೆ ಬಂತು. 1972ರ ಜೂನ್ 9ರಂದು ಅಮೆರಿಕದ ರ್‍ಯಾಪಿಡ್ ಸಿಟಿಯಲ್ಲಿ ಪ್ರವಾಹಕ್ಕೆ 238 ಮಂದಿ ತೀರಿಕೊಂಡರು. ಅದೇ ದಿನ ಹತ್ತಿರದಲ್ಲೇ ಬಿತ್ತನೆಯ ಪ್ರಯೋಗ ನಡೆದಿತ್ತು. ಪ್ರವಾಹಕ್ಕೆ ಅದು ಕಾರಣವಲ್ಲ ಎಂದು ತಜ್ಞರು ಹೇಳಿದರೂ ಮನೆಯವರನ್ನು ಕಳೆದುಕೊಂಡವರು ಕೇಳುವುದನ್ನು ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲ.

ಕರ್ನಾಟಕದ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ವಿಮಾನವನ್ನು ಕಾದು ಕುಳಿತವರು ನಾವು. ಬರದ ಬವಣೆಯಲ್ಲಿ, 2003ರಲ್ಲಿ ಎಸ್.ಎಂ. ಕೃಷ್ಣ ಅವರ ಸರಕಾರ 'ವರುಣ' ಎಂಬ ಹೆಸರಿನಲ್ಲಿ ಮೋಡ ಬಿತ್ತಿಸಿತು. 2017ರ ಆಗಸ್ಟಿನಲ್ಲಿ ಬೆಂಗಳೂರಿನ ಜಕ್ಕೂರಿನಿಂದ 'ವರ್ಷಧಾರೆ' ಹೊರಟಿತು. ಕಿಗ್ಗದ ಋಷ್ಯಶೃಂಗನಿಗೆ ಪೂಜೆ, ಊರೂರಲ್ಲಿ ಕಪ್ಪೆ ಮದುವೆ, ಆಕಾಶದಲ್ಲಿ ವಿಮಾನ. ಮಳೆಗಾಗಿ ನಾವು ಬಿಟ್ಟ ದಾರಿಯಿಲ್ಲ. ಆ 2017 ಬೆಂಗಳೂರಿಗೆ ಅಲ್ಲಿಯವರೆಗಿನ ಅತಿ ಹೆಚ್ಚು ಮಳೆಯ ವರ್ಷವಾಯಿತು. ಅದರಲ್ಲಿ ವಿಮಾನದ ಪಾಲೆಷ್ಟು? ಯಾರು ಹೇಗೆ ಹೇಳಬೇಕು? ಬಿತ್ತಿದ ಮೋಡ ಬಿತ್ತದೇ ಇದ್ದಿದ್ದರೆ ಎಷ್ಟು ಸುರಿಸುತ್ತಿತ್ತು ಎಂದು ಆ ಮೋಡವನ್ನೇ ವಾಪಸು ಕರೆಸಿ ಕೇಳಲಾಗುವುದಿಲ್ಲ. ಬರದಲ್ಲಿ ಮಳೆ ಬಂದರೆ ವಿಮಾನಕ್ಕೆ ಹಾರ, ನೆರೆ ಬಂದರೆ ಅದೇ ವಿಮಾನಕ್ಕೆ ಶಾಪ. ಎರಡಕ್ಕೂ ಆಧಾರ ಒಂದೇ, ವಿಮಾನ ಮೊದಲು ಬಂತು, ಮಳೆ ಆಮೇಲೆ ಬಂತು ಎಂಬುದು.

ಈ ತೊಡಕನ್ನು ಬಿಡಿಸಲು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ ಕೆಲಸ ನನಗೆ ಬಹಳ ಮೆಚ್ಚುಗೆಯಾಯಿತು. ನಮ್ಮ ವಿಜಯಪುರಕ್ಕೆ ಹತ್ತಿರದ ಸೊಲ್ಲಾಪುರದ ಸುತ್ತಮುತ್ತ, ಮಳೆನೆರಳಿನ ಆ ಒಣ ನೆಲದಲ್ಲಿ, ಅವರು 276 ಮೋಡಗಳನ್ನು ಆರಿಸಿಕೊಂಡರು. ಯಾವುದಕ್ಕೆ ಬಿತ್ತುವುದು, ಯಾವುದನ್ನು ಬಿಡುವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಚೆನ್ನಾಗಿ ಸುರಿಯುವಂತೆ ಕಂಡ ಮೋಡವನ್ನೇ ಆರಿಸಿ ಆಮೇಲೆ ಹೊಗಳಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು. ನೆಲದ ಮೇಲೆ ಮಾಪಕಗಳನ್ನು ನೆಟ್ಟು, ರಾಡಾರ್ ಇಟ್ಟು ವರ್ಷಗಟ್ಟಲೆ ಅಳೆದರು. ಸಿಕ್ಕಿದ ಉತ್ತರ: ತಕ್ಕ ಮೋಡ ಸಿಕ್ಕರೆ, ಸರಾಸರಿ ಸುಮಾರು ಶೇ. 18ರಷ್ಟು ಹೆಚ್ಚು ಮಳೆ. ಇಸ್ರೇಲಿನವರು ಇಂಥದೇ ಕಟ್ಟುನಿಟ್ಟಿನ ಪ್ರಯೋಗ ಮಾಡಿ, ತಮ್ಮಲ್ಲಿ ಲಾಭ ಎದ್ದು ಕಾಣುವಷ್ಟಿಲ್ಲ ಎಂದು ದಶಕಗಳ ಬಿತ್ತನೆಯನ್ನೇ ನಿಲ್ಲಿಸಿದರು. ಒಣಭೂಮಿಯ ರೈತನಿಗೆ ಶೇ. 18 ದೊಡ್ಡದು. ಪ್ರಳಯಕ್ಕೆ ಅದು ಏನೇನೂ ಅಲ್ಲ.

ಹಾಗಾದರೆ ನಮ್ಮ ಬೀದಿಗೆ ಆ ನೀರು ಬಂದದ್ದೆಲ್ಲಿಂದ? ಬೆಚ್ಚಗಿನ ಸಮುದ್ರದಿಂದ. ಮಂಗಳೂರಿಗೆ ಮಳೆ ಕಳಿಸುವ ಅದೇ ಅರಬ್ಬಿ ಸಮುದ್ರದ ಕಡೆಯಿಂದ ತೇವ ಹೊತ್ತ ಗಾಳಿ ಬಂತು. ಮೇಲೆ ತಣ್ಣನೆಯ ಗಾಳಿಯ ರಾಶಿಯೊಂದು ಬಂದು ನಿಂತಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಏಪ್ರಿಲಿನ ಕೊನೆಗೆ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ತನ್ನ ಲೆಕ್ಕ ಹೊರಗಿಟ್ಟಿತು: ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗುವ ಎಲ್ ನಿನ್ಯೋ ವರ್ಷಗಳಲ್ಲಿ ಈ ಭಾಗದ ಅತಿಮಳೆ ಶೇ. 10ರಿಂದ 40ರಷ್ಟು ಹೆಚ್ಚು ಜೋರಾಗಿದೆ, ಭೂಮಿ ಬಿಸಿಯಾಗುತ್ತಿರುವುದೇ ಅದಕ್ಕೆ ಕಾರಣವಿರಬೇಕು, ಮೋಡ ಬಿತ್ತನೆಯ ಪಾತ್ರ ಹೇಳಿಕೊಳ್ಳುವಷ್ಟಿಲ್ಲ. ತಮ್ಮ ಕಂಪ್ಯೂಟರ್ ಮಾದರಿಗಳಲ್ಲಿ ಈ ಹೆಚ್ಚಳ ಸ್ಪಷ್ಟವಾಗಿ ಮೂಡಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆಗಾಗಿಯೇ ನಾನು ಅವರ ಮಾತನ್ನು ಹೆಚ್ಚು ನಂಬುತ್ತೇನೆ.

ಮನುಷ್ಯನ ಕೈವಾಡ ಇದೆ ಎಂದು ಕೆಫೆಟೇರಿಯಾದಲ್ಲಿ ವಾದಿಸಿದವರು ಹಾಗಾಗಿ ಪೂರ್ತಿ ತಪ್ಪಲ್ಲ. ಆದರೆ ಆ ಕೈ ಇರುವುದು ನಾಲ್ಕು ಸಣ್ಣ ವಿಮಾನಗಳಲ್ಲಿ ಅಲ್ಲ. ನಮ್ಮ ಕಾರಿನ ಪೆಟ್ರೋಲಿನಲ್ಲಿ, ಹಗಲೂ ರಾತ್ರಿ ಓಡುವ ಎಸಿಯ ಕರೆಂಟಿನಲ್ಲಿ ಇದೆ. ಇದನ್ನು ಹೇಳಿದಾಗ ಯಾರ ದನಿಯೂ ಏರುವುದಿಲ್ಲ. ವಿಮಾನದವನನ್ನು ಬೈಯುವುದು ಸುಲಭ.

ಮಾವನಿಗೆ ನಾನು 142 ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. "ಅಷ್ಟೇಯಾ? ಅದು ನಮ್ಮಲ್ಲಿ ಆಟಿಯ ಒಂದು ದಿನದ ಮಳೆ ಅಲ್ವಾ? ನಿಮ್ಮಲ್ಲಿ ಕಣಿ ಇಲ್ಲವಾ?"

ಆಟಿ ಎಂದರೆ ತುಳುನಾಡಿನ ಜೋರು ಮಳೆಯ ತಿಂಗಳು. ಕಣಿ ಎಂದರೆ ತೋಟದ ಸಾಲಿನ ನಡುವೆ ನೀರು ಬಸಿಯಲು ತೋಡಿದ ಚರಂಡಿ. ಅದು ತೋಡಿಗೆ ಸೇರುತ್ತದೆ, ತೋಡು ಹೊಳೆಗೆ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಬೀಳುವ ಊರು ತಲೆಮಾರುಗಳಿಂದ ಕಲಿತ ವಿದ್ಯೆ ಅದು. ವರ್ಷಕ್ಕೆ ಬೆರಳೆಣಿಕೆಯ ದಿನ ಮಳೆ ಕಾಣುವ ಊರು ಅದನ್ನು ಕಲಿಯಬೇಕಾಗಿ ಬಂದಿರಲಿಲ್ಲ. ರಸ್ತೆ, ಕಟ್ಟಡ, ಕಾರು ನಿಲ್ಲಿಸುವ ಜಾಗ ಎಲ್ಲವೂ ಕಾಂಕ್ರೀಟು, ಡಾಂಬರು. ನಮ್ಮ ಬೀದಿಯ ನೀರನ್ನು ಟ್ಯಾಂಕರುಗಳು ದಿನಗಟ್ಟಲೆ ಹೀರಿ ಹೀರಿ ಒಯ್ದವು.

ಆ ಜೂನಿನಲ್ಲಿ ದುಬೈ ಸರಕಾರ 'ತಸ್ರೀಫ್' ಎಂಬ ಯೋಜನೆ ಪ್ರಕಟಿಸಿತು. 30 ಶತಕೋಟಿ ದಿರ್ಹಮ್ ಖರ್ಚಿನಲ್ಲಿ ನಗರದ ಕೆಳಗೆ ಮಳೆನೀರಿನ ಜಾಲ; 2033ರೊಳಗೆ ಮುಗಿಯಬೇಕು; ದಿನಕ್ಕೆ 2 ಕೋಟಿ ಘನ ಮೀಟರಿಗೂ ಹೆಚ್ಚು ನೀರು ಹೊರಹಾಕಬೇಕು. ಲೆಕ್ಕ ಹಾಕಿದರೆ ದಿನಕ್ಕೆ 0.7 ಟಿಎಂಸಿ ಆಗುತ್ತದೆ. ಇದನ್ನು ಫೋನಿನಲ್ಲಿ ಮಾವನಿಗೆ ಓದಿ ಹೇಳಿದೆ. ಅವರಿಗೆ ಸಂತೋಷವಾಯಿತು. ಆಮೇಲೆ ಕೇಳಿದರು: "ಮಳೆ ಬಾರದ ವರ್ಷ ಅದರ ಹೂಳು ತೆಗೆಯುವವರು ಯಾರು? ಅಲ್ಲಿ ಗಾಳಿಗೆ ಮರಳು ಬಂದು ತುಂಬುವುದಿಲ್ಲವಾ?"

ಮರುದಿನ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಾಗ ರಸ್ತೆ ಬದಿಯ ಚರಂಡಿಯ ಕಬ್ಬಿಣದ ಜಾಲರಿಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಮೂರನೆಯದರ ಅರ್ಧ ಭಾಗ ಮರಳಿನಲ್ಲಿ ಹೂತುಹೋಗಿತ್ತು. ಕಾಲಲ್ಲಿ ಅಷ್ಟನ್ನು ಸರಿಸಿ ಮುಂದೆ ನಡೆದೆ.