ಹೊರಳಾಡುವ ಕೂಸಿಗೆ ಬಟ್ಟೆ ಬದಲಾಯಿಸುವುದು

(ವೈದ್ಯನಾಥಪುರದ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಪಾಠ ಹೇಳುವ ಟೀಚರು ಉಚ್ಚೆ ಬಟ್ಟೆಯ ಬಗ್ಗೆ ಮಾತನಾಡಲು ನಿಂತಿದ್ದಾರಲ್ಲ ಎಂದು ನಿಮಗೆ ನಗು ಬರಬಹುದು. ಕಾರಣ ನನ್ನ ಹಾಜರಿ ಪುಸ್ತಕದಲ್ಲಿದೆ. ಆರನೇ ತರಗತಿಯ ಒಬ್ಬ ಹುಡುಗಿ ವಾರಕ್ಕೆ ಎರಡು ಮೂರು ದಿನ ಬರುತ್ತಿರಲಿಲ್ಲ. ಬಂದ ದಿನವೂ ಎರಡನೇ ಪಿರಿಯಡ್ಡಿಗೆ ಬರುತ್ತಿದ್ದಳು. ಕರೆದು ಕೇಳಿದೆ. "ಮಿಸ್, ತಮ್ಮ ತುಂಬಾ ಒದೀತಾನೆ. ಅಮ್ಮೀಗೆ ಒಬ್ಬರಿಗೇ ಬಟ್ಟೆ ಹಾಕೋಕೆ ಆಗಲ್ಲ. ನಾನು ಕಾಲು ಹಿಡ್ಕೋಬೇಕು" ಎಂದಳು. ಒಂಬತ್ತು ತಿಂಗಳ ಕೂಸಿನ ಎರಡು ಕಾಲು ಹಿಡಿಯಲು ಆರನೇ ತರಗತಿಯ ಪಾಠ ಹೋಗುತ್ತಿದೆ! ಈ ಕೆಲಸವನ್ನು ತಾಯಿ ಒಬ್ಬಳೇ ಮಾಡಿಕೊಳ್ಳುವುದು ಹೇಗೆ ಎಂಬುದಷ್ಟೇ ಇವತ್ತಿನ ನನ್ನ ವಿಷಯ.

ಮೊದಲು ಒಂದು ಮಾತು. ಹೊರಳಾಡುವ ಮಗು ಹಟಮಾರಿಯಲ್ಲ. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಮಗು ಬೋರಲು ಬೀಳುವುದನ್ನು ಕಲಿಯುತ್ತದೆ. ಎಂಟು ಒಂಬತ್ತು ತಿಂಗಳಿಗೆ ಅಂಬೆಗಾಲಿಡುತ್ತದೆ, ಗೋಡೆ ಹಿಡಿದು ಏಳಲು ನೋಡುತ್ತದೆ. ಹೊಸದಾಗಿ ಕಲಿತ ವಿದ್ಯೆಯನ್ನು ಸುಮ್ಮನೆ ಬಿಟ್ಟು ಮಲಗಿರು ಎಂದರೆ ಅದು ಕೇಳುವುದಿಲ್ಲ. ಬಲವಂತವಾಗಿ ಅದುಮಿದಷ್ಟೂ ಹೆಚ್ಚು ಒದೆಯುತ್ತದೆ. ತೊಡೆಗೆ ಒಂದು ಏಟು ಕೊಟ್ಟರೆ ಬಟ್ಟೆ ಕಂಡಾಗಲೆಲ್ಲ ಅಳುವುದನ್ನು ಕಲಿಯುತ್ತದೆ, ಅಷ್ಟೆ.

ಮಂಚದ ಮೇಲೆ, ದಿವಾನದ ಮೇಲೆ ಬಟ್ಟೆ ಬದಲಾಯಿಸುವುದನ್ನು ಬಿಡಿ. ನನ್ನ ಎರಡನೇ ಮಗುವನ್ನು ಮಂಚದ ಮೇಲೆ ಮಲಗಿಸಿ, ಹಗ್ಗದ ಮೇಲಿದ್ದ ಒಣ ಬಟ್ಟೆ ತೆಗೆಯಲು ಎರಡೇ ಹೆಜ್ಜೆ ಹೋಗಿದ್ದೆ. ದಪ್ಪೆಂದು ಸದ್ದಾಯಿತು. ದೇವರ ದಯೆ, ಹಣೆಯ ಮೇಲೆ ಒಂದು ಬೋರೆಯಲ್ಲೇ ಮುಗಿಯಿತು. ಆದರೆ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನೆಲದ ಮೇಲೆ ಚಾಪೆ, ಅದರ ಮೇಲೆ ರಬ್ಬರ್ ಶೀಟು, ಅದರ ಮೇಲೆ ಹಳೆಯ ಸೀರೆಯ ಮಡಿಕೆ ಹಾಸಿ. ನೆಲದಿಂದ ಕೆಳಗೆ ಬೀಳುವ ಮಗು ಇಲ್ಲ.

ಬಟ್ಟೆ ಬಿಚ್ಚುವ ಮುಂಚೆಯೇ ಎಲ್ಲವೂ ಕೈಗೆ ಸಿಗುವಂತಿರಲಿ: ಒಣ ಬಟ್ಟೆ, ಒರೆಸಲು ಒದ್ದೆ ಹತ್ತಿ ಬಟ್ಟೆ, ಸಣ್ಣ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು, ಹೊಲಸು ಬಟ್ಟೆಗೆ ಬಕೆಟ್ಟು. ಸಂಜೆ ಮಗ್ರಿಬ್ ಹೊತ್ತಿಗೆ ನಾವು ಗಡಿಬಿಡಿ ಮಾಡುತ್ತೇವೆ, ಮಗುವೂ ಆಗಲೇ ಹೆಚ್ಚು ರಚ್ಚೆ ಹಿಡಿಯುತ್ತದೆ. ನಮಾಝಿಗೆಂದು ಒಂದು ಜೊತೆ ಬಟ್ಟೆಯನ್ನು ಬೇರೆ ಇಟ್ಟುಕೊಂಡರೆ ಮೈಮೇಲೆ ಉಚ್ಚೆ ಬಿದ್ದೀತೆಂಬ ಆತುರ ಅರ್ಧ ಕಡಿಮೆಯಾಗುತ್ತದೆ.

ಇನ್ನು ಕಾಲು ಹಿಡಿಯುವ ವಿಚಾರ. ನಮ್ಮ ಅತ್ತೆಯವರು ಕೂಸಿಗೆ ಎಣ್ಣೆ ನೀರು ಹಾಕುವಾಗ ಕೂರುವ ಭಂಗಿ ನಿಮಗೆಲ್ಲ ಗೊತ್ತು. ಕಾಲು ನೀಡಿ ಕುಳಿತು, ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಮಗುವನ್ನು ಮಲಗಿಸುವುದು. ಬಟ್ಟೆ ಬದಲಾಯಿಸಲೂ ಹಾಗೇ ಕೂರಿ. ಎರಡೂ ಕಡೆ ನಿಮ್ಮ ಕಾಲೇ ಗೋಡೆ. ಎರಡು ಕೈಯೂ ಖಾಲಿ. ಮಗುವಿನ ಮುಖ ನಿಮ್ಮ ಕಡೆಗಿರಲಿ, ಮಾತನಾಡುತ್ತಿರಿ. ಅದರ ಕೈಗೆ ಸ್ಟೀಲ್ ಚಮಚವನ್ನೋ ಗಿಲಕಿಯನ್ನೋ ಕೊಡಿ. ಆ ವಸ್ತು ಈ ಹೊತ್ತಿಗೆ ಮಾತ್ರ ಸಿಗುವಂತಿರಲಿ. ದಿನವಿಡೀ ಸಿಕ್ಕಿದ್ದಕ್ಕೆ ಬೆಲೆ ಇಲ್ಲ.

ಕಾಲೆರಡನ್ನೂ ಹಿಡಿದು ಸೊಂಟ ಎತ್ತುವ ಬದಲು, ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ಬಟ್ಟೆ ತೂರಿಸಿ. ಹೇಗೂ ಹೊರಳುವುದೇ ಅದರ ಇಷ್ಟ! ಎದ್ದು ನಿಲ್ಲುವ ಮಗುವಾದರೆ ನಿಮ್ಮ ಭುಜ ಹಿಡಿದು ನಿಲ್ಲಲಿ, ನೀವು ಕುಳಿತೇ ಕಟ್ಟಿ. ಹೆಣ್ಣು ಮಗುವನ್ನು ಯಾವಾಗಲೂ ಮುಂದಿನಿಂದ ಹಿಂದಕ್ಕೇ ಒರೆಸಬೇಕು. ಮಲದ ಸೋಂಕು ಮೂತ್ರದ ದಾರಿಗೆ ಹೋಗಬಾರದು. ಗಂಡು ಮಗುವಾದರೆ ಬಟ್ಟೆ ಬಿಚ್ಚಿದ ಕೂಡಲೇ ಮೇಲೊಂದು ತುಂಡು ಬಟ್ಟೆ ಮುಚ್ಚಿ. ಇಲ್ಲದಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಸೇಫ್ಟಿ ಪಿನ್ನು 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಪೇಟೆಂಟ್ ಪಡೆದ ಒಳ್ಳೆಯ ವಸ್ತು. ಆದರೆ ಹೊರಳಾಡುವ ಕೂಸಿಗೆ ಅದು ಬೇಡ. ಲಾಡಿ ಕಟ್ಟುವ ಅಥವಾ ವೆಲ್ಕ್ರೋ ಇರುವ ಲಂಗೋಟಿ ಸಾಕು. ಪೌಡರನ್ನೂ ಬಿಡಿ. ಒದ್ದಾಡುವ ಮಗುವಿನ ಮೇಲೆ ಉದುರಿಸಿದ ಪುಡಿ ಅದರ ಉಸಿರಿನೊಳಗೆ ಹೋಗುತ್ತದೆ.

ಬದಲಾಯಿಸುವ ಸರದಿಯೇ ಕಡಿಮೆಯಾಗಲು ನಮ್ಮ ಹಿರಿಯರ ಇನ್ನೊಂದು ರೂಢಿಯಿದೆ. ಮಗು ನಿದ್ದೆಯಿಂದ ಎದ್ದಾಗ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ಎರಡು ಪಾದದ ಮೇಲೆ ಕೂರಿಸಿ "ಸ್ಸ್..." ಎನ್ನುವುದು. ಈಗ ಪರದೇಶದ ತಾಯಂದಿರು ಇದಕ್ಕೆ ದೊಡ್ಡ ಹೆಸರಿಟ್ಟು ಪುಸ್ತಕ ಓದಿ ಕಲಿಯುತ್ತಿದ್ದಾರೆ.

ಎಷ್ಟು ಬಟ್ಟೆ ಒದ್ದೆಯಾಯಿತು ಎಂಬ ಲೆಕ್ಕವೂ ಇರಲಿ. ಎದೆಹಾಲು ಮಾತ್ರ ಕುಡಿಯುವ ಎಳೆಗೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಭೇದಿಯಾಗುತ್ತಿದ್ದು ಆರೆಂಟು ಗಂಟೆ ಬಟ್ಟೆ ಒಣಗಿಯೇ ಇದ್ದರೆ ಕಾಯಬೇಡಿ, ಡಾಕ್ಟರ ಬಳಿ ಹೋಗಿ. ದಿನವೂ ಸುಮ್ಮನಿರುತ್ತಿದ್ದ ಮಗು ಇದ್ದಕ್ಕಿದ್ದಂತೆ ಬಟ್ಟೆ ಮುಟ್ಟಿದರೆ ಚೀರಿದರೆ ತೊಡೆಸಂದಿ ನೋಡಿ. ಕೆಂಪಾಗಿದ್ದರೆ ದಿನಕ್ಕೆ ಸ್ವಲ್ಪ ಹೊತ್ತು ಬರಿಮೈಯಲ್ಲಿ ಗಾಳಿಗೆ ಬಿಡಿ. ಎರಡು ಮೂರು ದಿನದಲ್ಲಿ ವಾಸಿಯಾಗದಿದ್ದರೆ ಅದನ್ನೂ ತೋರಿಸಬೇಕು.

ಡೈಪರ್ ಹಾಕುವವರು ಮೂರು ನಾಲ್ಕು ಗಂಟೆಗೊಮ್ಮೆ ಬದಲಾಯಿಸಿ. ದುಬಾರಿಯೆಂದು ಬೆಳಗಿನಿಂದ ಸಂಜೆವರೆಗೆ ಬಿಡಬೇಡಿ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದವರಿಗೆ ಬೇರೆಯಾಗಿ ಕೊಡಿ. ಅದರೊಳಗಿನ ಪ್ಲಾಸ್ಟಿಕ್ಕು ಕರಗುವುದಿಲ್ಲ. ನಮ್ಮ ಶಿಂಷಾ ಹೊಳೆಯ ದಡ ಅದಕ್ಕೆ ಜಾಗವಲ್ಲ.

ಕಾಲು ಹಿಡಿಯಲು ಇಷ್ಟಾದರೂ ಒಬ್ಬರು ಬೇಕೇ ಬೇಕೆಂದರೆ, ಪೇಪರ್ ಓದುತ್ತ ಕುಳಿತಿರುವ ಯಜಮಾನರನ್ನು ಕರೆಯಿರಿ. ಒಂಬತ್ತೂವರೆಗೆ ಮಗಳ ಕೈಯಲ್ಲಿ ಪುಸ್ತಕದ ಚೀಲವಿರಲಿ.

ಬಟ್ಟೆಯ ಗೊಂಬೆಯೊಂದನ್ನು ತಂದಿದ್ದೇನೆ. ಆದರೆ ಗೊಂಬೆ ಒದೆಯುವುದಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಸಾಹೇಬರು ಆಗಲೇ ತಾಯಿಯ ಮಡಿಲಿಂದ ಜಾರಿ ಬಾಗಿಲ ಕಡೆಗೆ ಹೊರಟಿದ್ದಾರೆ. ಅವರನ್ನೇ ಹಿಡಿದು ತನ್ನಿ, ಮಾಡಿ ತೋರಿಸುತ್ತೇನೆ.